'ಒಬ್ರೇನಾ, ಪಾರ್ಟ್ನರ್ ಇದ್ದಾರಾ?'

ಹೊಸದಾಗಿ ಅಂಗಡಿಯೋ ಕಂಪನಿಯೋ ಶುರು ಮಾಡೋಣ ಅಂತ ಆಡಿಟರ್ ಹತ್ತಿರ ಹೋಗಿ ನೋಡಿ. ಏನು ವ್ಯಾಪಾರ, ಎಷ್ಟು ಬಂಡವಾಳ ಅನ್ನೋದೆಲ್ಲ ಆಮೇಲೆ. ಮೊದಲು ಕೇಳುವುದು, 'ಒಬ್ರೇನಾ, ಪಾರ್ಟ್ನರ್ ಇದ್ದಾರಾ?' ಯಾವ ಫಾರಂ ತೆಗೆಯಬೇಕು ಎನ್ನುವುದು ಆ ಉತ್ತರದ ಮೇಲೆ ನಿಂತಿರುತ್ತದೆ. ನಾವು ಮಾತ್ರ ಅರ್ಧ ನಿಮಿಷವೂ ಯೋಚಿಸದೆ ಉತ್ತರ ಕೊಟ್ಟುಬಿಡುತ್ತೇವೆ. 2014ರಲ್ಲಿ ತುಮಕೂರಿನಲ್ಲಿ ನಾನೂ ಹಾಗೇ ಕೊಟ್ಟೆ. 'ಇದ್ದಾನೆ ಸಾರ್, ಫ್ರೆಂಡು. ಫಿಫ್ಟಿ ಫಿಫ್ಟಿ.' ಆ ಕಥೆಗೆ ಆಮೇಲೆ ಬರುತ್ತೇನೆ.

ಬೆಂಗಳೂರಿನಲ್ಲಿ ಈ ಚರ್ಚೆ ಎದ್ದಾಗಲೆಲ್ಲ ಎರಡು ಹೆಸರು ಬಂದೇ ಬರುತ್ತವೆ. ಒಂದು ಬಯೋಕಾನ್, ಇನ್ನೊಂದು ಇನ್ಫೋಸಿಸ್. ಎರಡೂ ಶುರುವಾಗಿದ್ದು 10,000 ರೂಪಾಯಿಯಲ್ಲಿ. 1978ರಲ್ಲಿ ಕಿರಣ್ ಮಜುಂದಾರ್ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಒಬ್ಬರೇ ಶುರು ಮಾಡಿದರು. ವಯಸ್ಸು 25. 1981ರಲ್ಲಿ ಪುಣೆಯಲ್ಲಿ ಏಳು ಜನ ಎಂಜಿನಿಯರುಗಳು ಸೇರಿ ಇನ್ಫೋಸಿಸ್ ಕಟ್ಟಿದರು. ಒಂಟಿಯಾಗಿ ಹೊರಡುವವರು ಮೊದಲ ಕಥೆ ಹೇಳುತ್ತಾರೆ, ಗುಂಪು ಕಟ್ಟುವವರು ಎರಡನೆಯದು. ಅಲ್ಲಿಗೆ ವಾದ ಸಮಸಮ.

ಆದರೆ ಎರಡನ್ನೂ ಸ್ವಲ್ಪ ಹತ್ತಿರದಿಂದ ನೋಡಿದರೆ ಲೇಬಲ್ಲುಗಳು ಕಳಚಿಕೊಳ್ಳುತ್ತವೆ. ಬಯೋಕಾನ್ ಹುಟ್ಟಿದ್ದು ಐರ್ಲೆಂಡಿನ ಬಯೋಕಾನ್ ಬಯೋಕೆಮಿಕಲ್ಸ್ ಕಂಪನಿಯ ಜೊತೆಗಿನ ಜಂಟಿ ಉದ್ಯಮವಾಗಿ. ಆಗಿನ ಕಾನೂನಿನಂತೆ ವಿದೇಶಿ ಪಾಲು ಶೇ 30 ದಾಟುವಂತಿರಲಿಲ್ಲ. ಹಾಗಾಗಿ ಉಳಿದ ಶೇ 70 ಇವರದು. ಪಪ್ಪಾಯಿಯಿಂದ ಪಪೈನ್ ಎಂಬ ಕಿಣ್ವ ತೆಗೆದು ಕಳಿಸಿದರೆ ಕೊಳ್ಳಲು ಅಲ್ಲಿ ಜನ ಇದ್ದರು. ಹೆಂಗಸು, ಚಿಕ್ಕ ವಯಸ್ಸು, ಅರ್ಥವಾಗದ ವ್ಯಾಪಾರ ಅಂತ ಬ್ಯಾಂಕುಗಳು ಸಾಲ ಕೊಡಲಿಲ್ಲ, ಅದು ನಿಜ. ಧೈರ್ಯ ಅವರೊಬ್ಬರದೇ, ಅದೂ ನಿಜ. ಆದರೆ ಮಾಲು ಯಾರಿಗೆ ಮಾರುವುದು ಎಂಬ ದೊಡ್ಡ ತಲೆನೋವು ಮೊದಲ ದಿನವೇ ಅರ್ಧ ಕಡಿಮೆಯಾಗಿತ್ತು.

ಇನ್ನು ಇನ್ಫೋಸಿಸ್. ಏಳು ಜನ ಅಂತ ನಾವು ಹೇಳುತ್ತೇವೆ. ಎಂಟನೆಯವರು ಮನೆಯಲ್ಲಿದ್ದರು. ಆ 10,000 ರೂಪಾಯಿ ನಾರಾಯಣಮೂರ್ತಿಯವರಿಗೆ ಕೊಟ್ಟಿದ್ದು ಸುಧಾ ಮೂರ್ತಿ. ಮೊದಲ ವರ್ಷಗಳಲ್ಲಿ ಮನೆ ನಡೆದದ್ದೂ ಅವರ ಸಂಬಳದ ಆಸರೆಯಲ್ಲಿ. ಏಳು ಜನರೂ ಕೊನೆತನಕ ಒಟ್ಟಿಗೆ ಇರಲಿಲ್ಲ. ಅಶೋಕ್ ಅರೋರಾ 1989ರಲ್ಲಿ ಪಾಲು ಬಿಟ್ಟುಕೊಟ್ಟು ಹೊರಟರು. ಮರುವರ್ಷ ಯಾರೋ ಹತ್ತು ಲಕ್ಷ ಡಾಲರ್ ಕೊಟ್ಟು ಕಂಪನಿ ಕೊಳ್ಳಲು ಬಂದಾಗ ಉಳಿದವರಿಗೆ ಮಾರುವ ಮನಸ್ಸಾಗಿತ್ತು. ಮೂರ್ತಿಯವರು, 'ನೀವು ಮಾರುವುದಾದರೆ ನಾನೇ ಕೊಳ್ಳುತ್ತೇನೆ' ಎಂದರಂತೆ. ಕೈಯಲ್ಲಿ ದುಡ್ಡಿರಲಿಲ್ಲ ಅಂತ ಅವರೇ ಭಾಷಣದಲ್ಲಿ ಹೇಳಿಕೊಂಡಿದ್ದಾರೆ. ಉಳಿದವರು ಮನಸ್ಸು ಬದಲಾಯಿಸಿದರು. ಕಂಪನಿ ಷೇರುಪೇಟೆಗೆ ಬಂದದ್ದು 1993ರಲ್ಲಿ.

ಇದನ್ನು ತಂಡದ ಗೆಲುವು ಅನ್ನೋಣವೇ? ಅಥವಾ ತಂಡ ಕೈಬಿಡುವ ಹೊತ್ತಿಗೆ ಒಬ್ಬನೇ ನಿಂತ ಕಥೆಯೇ? ನನಗೆ ಎರಡೂ ಸರಿ ಅನಿಸುತ್ತದೆ. ಹಾಗಾಗಿಯೇ 'ಒಂಟಿಯೋ ಜಂಟಿಯೋ' ಎಂಬ ಪ್ರಶ್ನೆಯ ಮೇಲೆ ನನಗೆ ಅನುಮಾನ. ಇದರೊಳಗೆ ಎರಡು ಬೇರೆ ಪ್ರಶ್ನೆಗಳಿವೆ. ಕೆಲಸವನ್ನು ಯಾರ ಜೊತೆ ಹಂಚಿಕೊಳ್ಳಬೇಕು? ಮಾಲೀಕತ್ವವನ್ನು ಯಾರ ಜೊತೆ ಹಂಚಿಕೊಳ್ಳಬೇಕು? ಎರಡನ್ನೂ ಒಂದೇ ಗಂಟು ಕಟ್ಟಿ ಒಂದೇ ದಿನ ತೀರ್ಮಾನ ಮಾಡುತ್ತೇವೆ. ಜಗಳ ಶುರುವಾಗುವುದು ಅಲ್ಲಿಂದಲೇ.

ದೇಶದ ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕಂಪನಿ ಅಂತ ನೋಂದಣಿಯಾಗದ, ಕೃಷಿಯಲ್ಲದ ಸಣ್ಣ ವ್ಯಾಪಾರ–ಉದ್ಯೋಗಗಳ ಬಗ್ಗೆ ಕೇಂದ್ರದ ಅಂಕಿಅಂಶ ಕಚೇರಿ ಸಮೀಕ್ಷೆ ಮಾಡುತ್ತದೆ. 2023ರ ಅಕ್ಟೋಬರ್‌ನಿಂದ 2024ರ ಸೆಪ್ಟೆಂಬರ್‌ವರೆಗಿನ ಸಮೀಕ್ಷೆಯಲ್ಲಿ ಸಿಕ್ಕಿದ್ದು ಸುಮಾರು 7.34 ಕೋಟಿ ಘಟಕಗಳು, ಅವುಗಳಲ್ಲಿ ದುಡಿಯುವವರು 12 ಕೋಟಿ ಚಿಲ್ಲರೆ. ಭಾಗಿಸಿ ನೋಡಿ. ಒಂದು ಘಟಕಕ್ಕೆ ಇಬ್ಬರೂ ಇಲ್ಲ. ಬಹುಪಾಲು ಘಟಕಗಳಲ್ಲಿ ಖಾಯಂ ಸಂಬಳದ ಆಳೇ ಇಲ್ಲ. ಅಂದರೆ ಒಬ್ಬರೇ ವ್ಯಾಪಾರ ಮಾಡುವುದು ಇಲ್ಲಿ ಹೊಸ ಫ್ಯಾಷನ್ ಏನಲ್ಲ. ನಮ್ಮ ಬೀದಿಯ ಟೈಲರ್, ಪಂಕ್ಚರ್ ಅಂಗಡಿ, ಹೂವಿನವರು, ಹಿಟ್ಟಿನ ಗಿರಣಿ, ಎಲ್ಲರೂ 'ಸೋಲೋ ಫೌಂಡರ್'ಗಳೇ. ಆ ಹೆಸರಿನಲ್ಲಿ ಅವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ ಅಷ್ಟೇ.

ಆ ಹಿಟ್ಟಿನ ಗಿರಣಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಬೋರ್ಡಿನ ಮೇಲೆ ಗಂಡನ ಹೆಸರು. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಬೆಲ್ಟ್ ಏರಿಸುವವಳು ಹೆಂಡತಿ. ಯಾರ ರಾಗಿ ಡಬ್ಬ ಯಾವುದು, ಯಾರು ಎಷ್ಟು ಬಾಕಿ ಅನ್ನುವುದು ಅವಳ ಬಾಯಲ್ಲೇ ಇರುತ್ತದೆ. ಸಂಜೆ ಶಾಲೆಯಿಂದ ಬಂದ ಮಗ ಚಿಲ್ಲರೆ ಎಣಿಸುತ್ತಾನೆ. ಮೂರು ಜನ. ಒಬ್ಬ ಮಾಲೀಕ. ಸಂಬಳ ಯಾರಿಗೂ ಇಲ್ಲ. ನಮ್ಮಲ್ಲಿ 'ಒಬ್ಬನೇ ಕಟ್ಟಿದ' ಅನ್ನುವ ಮಾತಿನ ಹಿಂದೆ ಹೆಚ್ಚಾಗಿ ಹೀಗೆ ಲೆಕ್ಕಕ್ಕೆ ಸೇರದ ಇಬ್ಬರು ಇರುತ್ತಾರೆ.

ಬಂಡವಾಳ ಹಾಕುವವರು ಮಾತ್ರ ಬಹಳ ವರ್ಷಗಳಿಂದ ತಂಡದ ಕಡೆಗೇ ವಾಲಿದ್ದಾರೆ. ಹೊಸ ಕಂಪನಿಗಳಿಗೆ ಮೊದಲ ಬಂಡವಾಳ ಹಾಕುವ ಅಮೆರಿಕದ ವೈ ಕಾಂಬಿನೇಟರ್‌ನ ಪಾಲ್ ಗ್ರಹಾಂ 2006ರಲ್ಲಿ ಸ್ಟಾರ್ಟಪ್‌ಗಳನ್ನು ಮುಳುಗಿಸುವ 18 ತಪ್ಪುಗಳ ಪಟ್ಟಿ ಮಾಡಿದರು. ಮೊದಲನೆಯದೇ ಒಬ್ಬನೇ ಶುರು ಮಾಡುವುದು. ಜೊತೆಗೆ ಬರಲು ಸ್ನೇಹಿತರನ್ನೇ ಒಪ್ಪಿಸಲಾಗಲಿಲ್ಲ ಅಂದರೆ ಅದು ಅವಿಶ್ವಾಸ ಮತ ಇದ್ದಂತೆ ಎಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲ ಅನ್ನಲಾರೆ. ಹೂಡಿಕೆದಾರನಿಗೆ ಇನ್ನೊಂದು ಭಯವೂ ಇದೆ. ಒಬ್ಬನೇ ಇದ್ದು ಅವನಿಗೆ ಡೆಂಗಿ ಬಂದರೆ ನನ್ನ ದುಡ್ಡು ಯಾರು ನೋಡಿಕೊಳ್ಳುತ್ತಾರೆ ಎನ್ನುವುದು. ಅವನ ಜಾಗದಲ್ಲಿ ನಾನಿದ್ದರೂ ಇಬ್ಬರು ಬೇಕು ಅನ್ನುತ್ತಿದ್ದೆ.

ಆದರೆ ಅದು ಅವನ ಲೆಕ್ಕ. ವ್ಯಾಪಾರ ಬದುಕುವ ಲೆಕ್ಕ ಬೇರೆ ಇರಬಹುದು. ಜೇಸನ್ ಗ್ರೀನ್‌ಬರ್ಗ್ ಮತ್ತು ಈಥನ್ ಮೊಲ್ಲಿಕ್ ಎಂಬ ಇಬ್ಬರು ಸಂಶೋಧಕರು ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಎತ್ತಿ ಶುರುವಾದ ಸಾವಿರಾರು ಉದ್ಯಮಗಳನ್ನು ಹಿಂಬಾಲಿಸಿ ನೋಡಿದರು. ಒಬ್ಬರೇ ಶುರು ಮಾಡಿದವು ತಂಡದವುಗಳಿಗಿಂತ ಹೆಚ್ಚು ಕಾಲ ಬದುಕಿದ್ದವು. ಆದಾಯದಲ್ಲಿಯೂ ಇಬ್ಬರು ಸೇರಿ ಮಾಡಿದವುಗಳಿಗಿಂತ ಮುಂದಿದ್ದವು. ಮೂರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದ ಕಡೆ ಆದಾಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅದು ಅಮೆರಿಕದ ಲೆಕ್ಕ, ಅದರಲ್ಲೂ ಒಂದು ಬಗೆಯ ಉದ್ಯಮಗಳ ಲೆಕ್ಕ. ನಮ್ಮೂರಿನ ದರ್ಶಿನಿಗೆ ನೇರವಾಗಿ ಅಂಟಿಸಲು ಬರುವುದಿಲ್ಲ. ಆದರೂ ಎಲ್ಲಕ್ಕಿಂತ ಕಷ್ಟದ ಸಂಖ್ಯೆ ಎರಡು ಎನ್ನುವುದು ನನ್ನ ಅನುಭವಕ್ಕೆ ಚೆನ್ನಾಗಿ ಹೊಂದುತ್ತದೆ. ಮೂರು ಜನ ಇದ್ದರೆ ಒಬ್ಬ ಪಂಚಾಯ್ತಿ ಮಾಡುತ್ತಾನೆ. ಇಬ್ಬರೇ ಇದ್ದರೆ ಪ್ರತಿ ಭಿನ್ನಾಭಿಪ್ರಾಯವೂ ಒಂದಕ್ಕೆ ಒಂದು ಮತ.

ಈಗ ನನ್ನ ಕಥೆ.

ನಮ್ಮದು ಲಗ್ನಪತ್ರಿಕೆ ಅಂಗಡಿ. ಡಿಸೈನು, ಪ್ರಿಂಟಿಂಗು ಆ ಫ್ರೆಂಡು. ಗಿರಾಕಿ, ಲೆಕ್ಕ, ಬೆಂಗಳೂರಿನ ಸುಲ್ತಾನ್‌ಪೇಟೆಯಿಂದ ಖಾಲಿ ಕಾರ್ಡು ತರುವುದು ನಾನು. ಬಂಡವಾಳ ನನ್ನದು ಎರಡು ಲಕ್ಷ, ಅವನದು ಒಂದು ಲಕ್ಷ. ಪಾಲು ಸಮ. 'ಕೈಚಳಕ ಅವನದಲ್ವಾ' ಅಂತ ನಾನೇ ಹೇಳಿದ್ದೆ. ಇದನ್ನು ಒಂದು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದೆವು. ಮೇಲೆ 'ಶ್ರೀ', ಕೆಳಗೆ ಅಡ್ಡಗೆರೆ, ಎರಡು ಹೆಸರು, ಎರಡು '50'. ಅದೇ ನಮ್ಮ ಒಪ್ಪಂದ ಪತ್ರ. ಆಡಿಟರ್ ಪಾಲುದಾರಿಕೆ ಪತ್ರ ಮಾಡಿಸಿ ಅಂತ ಮೂರು ಸಲ ಹೇಳಿದರು. ಸೀಸನ್ ಮುಗೀಲಿ ಸಾರ್ ಅಂದೆವು. ಆ ವ್ಯಾಪಾರದಲ್ಲಿ ವೈಶಾಖದಲ್ಲಿ ನಿದ್ದೆ ಇಲ್ಲ, ಆಷಾಢದಲ್ಲಿ ಕೆಲಸ ಇಲ್ಲ. ಆಷಾಢ ಬಂದಾಗ ಪತ್ರ ಮಾಡಿಸಲು ದುಡ್ಡಿರಲಿಲ್ಲ.

ಎರಡನೇ ವರ್ಷ ಅವನ ಅಪ್ಪನಿಗೆ ಕಾಯಿಲೆಯಾಯಿತು. ಮೂರು ತಿಂಗಳು ಅವನು ಅಂಗಡಿಗೆ ಬರಲಿಲ್ಲ. ಬರಬೇಕು ಅಂತ ನಾನು ಹೇಳಲೂ ಇಲ್ಲ, ಹೇಳುವಂಥದ್ದೂ ಅಲ್ಲ. ತಿಂಗಳಿಗೆ 8,000 ಕೊಟ್ಟು ಒಬ್ಬ ಹುಡುಗನನ್ನು ಇಟ್ಟುಕೊಂಡೆ. ಅವನು ವಾಪಸ್ ಬಂದಾಗ ಲೆಕ್ಕಕ್ಕೆ ಕೂತೆವು. ಹುಡುಗನ ಸಂಬಳ ಅವನ ಪಾಲಿನಿಂದ ಹೋಗಬೇಕು ಅಂತ ನಾನು. ಅದು ಅಂಗಡಿ ಖರ್ಚು ಅಂತ ಅವನು. ಜೊತೆಗೆ ನಾನು, 'ಆ ಮೂರು ತಿಂಗಳು ಎರಡಾಳಿನ ಕೆಲಸ ಮಾಡಿದ್ದೇನೆ, ನನಗೂ ಏನಾದರೂ ಬರಬೇಕು' ಅಂದೆ. ಅವನು ಮಾತಾಡದೆ ಆ ನೋಟ್‌ಬುಕ್ ತಿರುಗಿಸಿ ನನ್ನ ಮುಂದೆ ಇಟ್ಟ. ಎರಡು '50'. ಅದರಲ್ಲಿ ಒಂದು ನನ್ನ ಕೈಬರಹ.

ಆಮೇಲೆ ಆಡಿಟರ್ ಹತ್ತಿರ ಹೋದಾಗ ಗೊತ್ತಾಯಿತು, ಕಾನೂನು ಪೂರ್ತಿ ಅವನ ಕಡೆಗೇ ಇತ್ತು. 1932ರ ಪಾಲುದಾರಿಕೆ ಕಾಯ್ದೆಯ 13ನೇ ಸೆಕ್ಷನ್ ಬಹಳ ಸ್ವಾರಸ್ಯವಾಗಿದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ–ನಷ್ಟ ಎಲ್ಲರಿಗೂ ಸಮ. ಯಾರು ಎಷ್ಟು ಬಂಡವಾಳ ಹಾಕಿದರು ಅನ್ನುವುದು ಅಲ್ಲಿ ಬರುವುದೇ ಇಲ್ಲ. ವ್ಯಾಪಾರ ನಡೆಸಿದ್ದಕ್ಕೆ ಪಾಲುದಾರನಿಗೆ ಸಂಬಳ ಇಲ್ಲ, ಅವನು ಎಷ್ಟೇ ದುಡಿದರೂ. ಒಪ್ಪಿಕೊಂಡ ಬಂಡವಾಳಕ್ಕಿಂತ ಹೆಚ್ಚು ದುಡ್ಡು ಹಾಕಿದ್ದರೆ ಅದಕ್ಕೆ ವರ್ಷಕ್ಕೆ ಶೇ 6 ಬಡ್ಡಿ. ನಾವು ಏನನ್ನೂ ಬರೆಯಲಿಲ್ಲ ಅಂದುಕೊಂಡಿರುತ್ತೇವೆ. ಬ್ರಿಟಿಷರ ಕಾಲದಲ್ಲೇ ಯಾರೋ ನಮ್ಮ ಪರವಾಗಿ ಬರೆದಿಟ್ಟಿದ್ದಾರೆ!

ಅದೇ ಕಾಯ್ದೆಯ 25ನೇ ಸೆಕ್ಷನ್ ಇನ್ನೂ ಭಯ ಹುಟ್ಟಿಸುತ್ತದೆ. ಅಂಗಡಿ ಹೆಸರಿನಲ್ಲಿ ಒಬ್ಬ ಪಾಲುದಾರ ಮಾಡಿದ ಸಾಲಕ್ಕೆ ಇನ್ನೊಬ್ಬನೂ ಪೂರ್ತಿ ಜವಾಬ್ದಾರ. ಅರ್ಧಕ್ಕಲ್ಲ, ಪೂರ್ತಿಗೆ. ಅವನು ಐದು ಲಕ್ಷದ ಪೇಪರ್ ಉದ್ದರಿ ತಂದು ಊರು ಬಿಟ್ಟರೆ ಸಾಲ ಕೊಟ್ಟವನು ನಿಮ್ಮ ಮನೆ ಬಾಗಿಲಿಗೇ ಬರಬಹುದು. ಪಾಲುದಾರ ತೀರಿಕೊಂಡರೆ, ಪತ್ರದಲ್ಲಿ ಬೇರೆ ಥರ ಬರೆದಿಲ್ಲ ಅಂದರೆ, ಸಂಸ್ಥೆಯೇ ಮುಗಿದಂತೆ. ಸಂಸ್ಥೆ ನೋಂದಣಿ ಆಗಿಲ್ಲದಿದ್ದರೆ ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ದಾವೆ ಹೂಡುವುದಕ್ಕೂ 69ನೇ ಸೆಕ್ಷನ್ ಅಡ್ಡ ಬರುತ್ತದೆ. ಇಷ್ಟೆಲ್ಲ ಇದ್ದರೂ ಊರಲ್ಲಿ ಎಷ್ಟು ಪಾರ್ಟ್ನರ್‌ಶಿಪ್ ಅಂಗಡಿಗಳು ಬಾಯಿಮಾತಿನ ಮೇಲೆ ನಡೆಯುತ್ತಿವೆ ಅಂತ ನೆನೆಸಿಕೊಂಡರೆ ಆಶ್ಚರ್ಯವಾಗುತ್ತದೆ. ಪತ್ರ ಕೇಳಿದರೆ ಸ್ನೇಹಿತ ಬೇಜಾರಾಗ್ತಾನೆ ಅನ್ನುವ ಸಂಕೋಚ. ಮದುವೆ ಮಾತುಕತೆಯಲ್ಲಿ ಛತ್ರದ ಖರ್ಚು ಯಾರದು ಅಂತ ಎಲ್ಲರ ಮುಂದೆ ಕೇಳುವ ನಾವು ಇಲ್ಲಿ ಮಾತ್ರ ಬಾಯಿ ಕಟ್ಟಿಕೊಂಡು ಕೂರುತ್ತೇವೆ.

ಈಗ ಬೇರೆ ದಾರಿಗಳೂ ಇವೆ. 2008ರ ಕಾಯ್ದೆಯಿಂದ ಬಂದ ಲಿಮಿಟೆಡ್ ಲಯಬಿಲಿಟಿ ಪಾರ್ಟ್ನರ್‌ಶಿಪ್, ಅಂದರೆ ಎಲ್‌ಎಲ್‌ಪಿಯಲ್ಲಿ ಪಾಲುದಾರಿಕೆಯೂ ಉಂಟು, ಸಂಸ್ಥೆಯ ಸಾಲ ಸಾಮಾನ್ಯವಾಗಿ ಮನೆವರೆಗೆ ಬರುವುದೂ ಇಲ್ಲ. ಒಬ್ಬರೇ ಇರುವವರಿಗೆ 2013ರ ಕಂಪನಿ ಕಾಯ್ದೆ ಒನ್ ಪರ್ಸನ್ ಕಂಪನಿ, ಅಂದರೆ ಒಪಿಸಿ, ಎಂಬುದನ್ನು ತಂದಿತು. ಅದಕ್ಕೂ ಮುಂಚೆ ಪ್ರೈವೇಟ್ ಲಿಮಿಟೆಡ್ ಬೇಕು ಅಂದರೆ ಕನಿಷ್ಠ ಇಬ್ಬರು ಬೇಕಿತ್ತು. ಅದಕ್ಕೇ ಎಷ್ಟೋ ಕಂಪನಿಗಳಲ್ಲಿ ಹೆಂಡತಿಯೋ ತಾಯಿಯೋ ಹೆಸರಿಗೆ ಡೈರೆಕ್ಟರ್. ಶುರುವಿನಲ್ಲಿ ಒಪಿಸಿಗೂ ಒಂದು ಕಡಿವಾಣವಿತ್ತು. ಬಂಡವಾಳ 50 ಲಕ್ಷವೋ ವಹಿವಾಟು 2 ಕೋಟಿಯೋ ದಾಟಿದರೆ ರೂಪ ಬದಲಿಸಲೇಬೇಕಿತ್ತು. 2021ರ ಏಪ್ರಿಲ್‌ನಿಂದ ಆ ಮಿತಿ ಹೋಯಿತು, ಅನಿವಾಸಿ ಭಾರತೀಯರೂ ಒಪಿಸಿ ಮಾಡಬಹುದು ಅಂತಾಯಿತು. ಆದರೆ ಒಪಿಸಿಯಲ್ಲೂ ಒಬ್ಬ ನಾಮಿನಿಯ ಹೆಸರು ಕೊಡಲೇಬೇಕು. 'ನೀವು ಇಲ್ಲ ಅಂದರೆ ಯಾರು?' ಎಂಬ ಪ್ರಶ್ನೆಯಿಂದ ಸರ್ಕಾರವೂ ನಿಮ್ಮನ್ನು ಬಿಡುವುದಿಲ್ಲ.

ಜೊತೆಗಾರರನ್ನು ಸೇರಿಸಿಕೊಂಡೇ ಕಟ್ಟುತ್ತೇನೆ ಅನ್ನುವವರಿಗೆ ಸ್ಟಾರ್ಟಪ್ ಲೋಕದಿಂದ ಕಲಿಯಬೇಕಾದ್ದು ಒಂದಿದೆ. ವೆಸ್ಟಿಂಗ್. ಹೆಸರು ಭಾರಿ, ಒಳಗಿರುವುದು ಸರಳ. ಪಾಲನ್ನು ಮೊದಲ ದಿನವೇ ಪೂರ್ತಿ ಕೈಗೆ ಕೊಡುವುದಿಲ್ಲ. ದುಡಿದಷ್ಟು ಕಾಲಕ್ಕೆ ದಕ್ಕುತ್ತಾ ಹೋಗುತ್ತದೆ. ಸಾಮಾನ್ಯವಾಗಿ ನಾಲ್ಕು ವರ್ಷ. ಮೊದಲ ವರ್ಷ ತುಂಬುವ ಮೊದಲೇ ಬಿಟ್ಟು ಹೋದರೆ ಏನೂ ಇಲ್ಲ. ನಿಮ್ಮ ಜೊತೆಗಾರನಿಗೆ ಶೇ 50 ಅಂತ ಮಾತಾಗಿದೆ ಅಂದುಕೊಳ್ಳಿ. ಅವನು ಒಂದೂವರೆ ವರ್ಷಕ್ಕೆ ದುಬೈಗೆ ಹೊರಟ. 48 ತಿಂಗಳಲ್ಲಿ 18 ದುಡಿದಿದ್ದಾನೆ. ಅವನಿಗೆ ದಕ್ಕುವುದು ಶೇ 18.75. ಉಳಿದದ್ದು ಅಂಗಡಿಯಲ್ಲೇ ಉಳಿಯುತ್ತದೆ. ವೆಸ್ಟಿಂಗ್ ಇಲ್ಲದಿದ್ದರೆ ದುಬೈಯಲ್ಲಿ ಕೂತವನು ಅರ್ಧ ಮಾಲೀಕ, ಇಲ್ಲಿ ಶಟರ್ ಎತ್ತುವವನೂ ಅರ್ಧ ಮಾಲೀಕ. ಇದನ್ನು ಕಂಪನಿಗೇ ಅಂತ ಯಾಕೆ ಮೀಸಲಿಡಬೇಕು? ಎರಡು ಜನರ ಜ್ಯೂಸ್ ಅಂಗಡಿಯ ಪಾಲುದಾರಿಕೆ ಪತ್ರದಲ್ಲೂ ವಕೀಲರು ಇಂಥದ್ದನ್ನು ಬರೆದುಕೊಡಬಲ್ಲರು.

ಪಾಲು ಹಂಚುವುದು ಜೊತೆಗಾರನಿಗೇ ಮುಗಿಯುವುದಿಲ್ಲ, ಅದೂ ಗೊತ್ತಿರಲಿ. 2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ತಲಾ ಎರಡು ಲಕ್ಷ ಹಾಕಿ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಶುರು ಮಾಡಿದರು. ಅಡ್ಡಹೆಸರು ಒಂದೇ, ನೆಂಟಸ್ತಿಕೆ ಏನಿಲ್ಲ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಶೇ 77 ಕೊಂಡಾಗ, ಸುತ್ತು ಸುತ್ತಿಗೂ ಬಂದ ಹೂಡಿಕೆದಾರರಿಗೆ ಕೊಡುತ್ತಾ ಕೊಡುತ್ತಾ ಇಬ್ಬರ ಪಾಲೂ ಒಂದಂಕಿಗೆ ಇಳಿದಿತ್ತು. ಆ ವ್ಯವಹಾರದಲ್ಲೇ ಸಚಿನ್ ಹೊರಬಂದರು. ಅದೇ ವರ್ಷ ನವೆಂಬರಿನಲ್ಲಿ ಬಿನ್ನಿಯೂ ಹುದ್ದೆ ಬಿಟ್ಟರು. ಒಂದಂಕಿಯ ಪಾಲಾದರೂ ಸಾವಿರಾರು ಕೋಟಿ ಅನ್ನಬಹುದು. ಸರಿ. ಆದರೆ ಅಂಥ ದುಡ್ಡು ಸುರಿಯಬೇಕಾದ ವ್ಯಾಪಾರ ನಿಮ್ಮದೇ ಅಂತ ಮೊದಲು ನೋಡಿಕೊಳ್ಳಬೇಕು.

ಅದೇ ಊರಿನ ಷೇರು ದಲ್ಲಾಳಿ ಕಂಪನಿ ಝೀರೋಧಾ ಇನ್ನೊಂದು ಥರ. 2010ರಲ್ಲಿ ನಿತಿನ್ ಕಾಮತ್, ತಮ್ಮ ನಿಖಿಲ್ ಜೊತೆ ಶುರು ಮಾಡಿದರು. ಹೊರಗಿನ ಹೂಡಿಕೆ ತೆಗೆದುಕೊಳ್ಳಲಿಲ್ಲ. ಇವತ್ತು ಅದು ಪೂರ್ತಿ ತಂತ್ರಜ್ಞಾನದ ಕಂಪನಿಯಂತೆ ಕಾಣುತ್ತದೆ. ಆದರೆ ತಂತ್ರಜ್ಞಾನ ನೋಡಿಕೊಳ್ಳುವ ಕೈಲಾಶ್ ನಾಧ್ ಬಂದದ್ದು 2013ರಲ್ಲಿ, ವ್ಯಾಪಾರ ನಡೆಯತೊಡಗಿದ ಮೇಲೆ. 'ಟೆಕ್ನಿಕಲ್ ಕೋ–ಫೌಂಡರ್ ಸಿಗದೆ ಶುರು ಮಾಡಕ್ಕೇ ಆಗ್ತಿಲ್ಲ' ಅಂತ ವರ್ಷಗಟ್ಟಲೆ ಕಾಫಿ ಕುಡಿಯುತ್ತಾ ಕೂತವರನ್ನು ನೋಡಿದಾಗ ನನಗೆ ಇದು ನೆನಪಾಗುತ್ತದೆ.

ಎಐ ಬಂದ ಮೇಲಂತೂ ಆ ನೆಪ ಇನ್ನೂ ತೆಳುವಾಗಿದೆ. ಇಸ್ರೇಲಿನ ಮಾವೊರ್ ಶ್ಲೋಮೊ ಒಬ್ಬರೇ ಶುರು ಮಾಡಿದ, ಎಐ ಬಳಸಿ ಆ್ಯಪ್ ಮಾಡಿಕೊಡುವ ಬೇಸ್44 ಎಂಬ ಕಂಪನಿಯನ್ನು ಆರು ತಿಂಗಳಲ್ಲಿ, 2025ರ ಜೂನ್‌ನಲ್ಲಿ, ವಿಕ್ಸ್ ಕಂಪನಿ ಸುಮಾರು 8 ಕೋಟಿ ಡಾಲರ್ ಕೊಟ್ಟು ಕೊಂಡಿತು. ಒಬ್ಬನೇ ಕೋಟಿ ಕೋಟಿ ಮಾಡಿದ ಅಂತ ಎಲ್ಲ ಕಡೆ ಸುದ್ದಿಯಾಯಿತು. ಮಾರುವ ಹೊತ್ತಿಗೆ ಅವರ ಜೊತೆ ಕೆಲಸಕ್ಕೆ ಹತ್ತಕ್ಕಿಂತ ಕಡಿಮೆ ಜನರ ಒಂದು ಸಣ್ಣ ತಂಡವಿತ್ತು. ಶುರು ಮಾಡಿದವರು ಒಬ್ಬರೇ, ಕೆಲಸಕ್ಕೆ ಜನ ಇದ್ದರು. ಕೆಲಸ ಯಾರ ಜೊತೆ, ಮಾಲೀಕತ್ವ ಯಾರ ಜೊತೆ ಅಂತ ನಾನು ಆಗ ಹೇಳಿದ ಎರಡು ಪ್ರಶ್ನೆಗಳನ್ನು ಅವರು ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದ್ದರು.

ನನ್ನ ಪತ್ರಿಕೆ ವ್ಯಾಪಾರದಲ್ಲೂ ಈಗ ಎಐ ಹತ್ತು ನಿಮಿಷದಲ್ಲಿ ಹತ್ತು ಡಿಸೈನ್ ಕೊಡುತ್ತದೆ. ಕನ್ನಡ ಒತ್ತಕ್ಷರ ಇನ್ನೂ ಕೆಡಿಸುತ್ತದೆ, ಅದು ಬೇರೆ ಮಾತು. ಆದರೆ ವಧುವಿನ ಸೋದರಮಾವನ ಹೆಸರು ಬಿಟ್ಟುಹೋಗಿದೆ ಅಂತ ರಾತ್ರಿ ಹತ್ತಕ್ಕೆ ಫೋನು ಬಂದರೆ ಎತ್ತಬೇಕಾದವನು ನಾನೇ. ಬಾಕಿ ವಸೂಲಿಗೆ ಹೋಗಬೇಕಾದವನೂ ನಾನೇ. ಒಂಟಿ ವ್ಯಾಪಾರದಲ್ಲಿ ಕೆಲಸದ ಭಾರ ಅಂಥ ದೊಡ್ಡದಲ್ಲ, ಮೈ ಒಗ್ಗಿಕೊಳ್ಳುತ್ತದೆ. ತೀರ್ಮಾನದ ಭಾರ ಒಗ್ಗುವುದಿಲ್ಲ. ಹೊಸ ಮಷಿನ್ ತಗೊಳ್ಳಲಾ, ಬೇಡವಾ? ರೇಟ್ ಏರಿಸಲಾ? 'ಏ, ಹುಚ್ಚಾ ನಿಂಗೆ?' ಅನ್ನುವವರೇ ಇಲ್ಲ. 2019ರಲ್ಲಿ ಒಂದು ಮಷಿನ್‌ಗೆ ಮುಂಗಡ ಕೊಟ್ಟೆ. ಮರುವರ್ಷ ಮಾರ್ಚ್‌ನಲ್ಲಿ ಮದುವೆಗಳೇ ನಿಂತವು. ಕೊರೋನಾ ಬರುತ್ತೆ ಅಂತ ಯಾವ ಪಾಲುದಾರನೂ ಹೇಳುತ್ತಿರಲಿಲ್ಲ, ಗೊತ್ತು. ಆದರೆ ಆ ಮಷಿನ್ ನಮಗೆ ದೊಡ್ಡದಾಯಿತು ಅಂತ ಅವನಿದ್ದಿದ್ದರೆ ಖಂಡಿತ ಹೇಳುತ್ತಿದ್ದ.

ಅವನು 2016ರಲ್ಲೇ ಹೊರಟಿದ್ದ. ಜಗಳ ಅಂತ ಆಗಲಿಲ್ಲ. ಮಾತು ಕಡಿಮೆಯಾಗುತ್ತಾ ಹೋಯಿತು, ಅಷ್ಟೇ. ಕಂಪ್ಯೂಟರು ಅವನಿಗೆ, ಪ್ರಿಂಟರು ನನಗೆ. ಅವನ ಒಂದು ಲಕ್ಷವನ್ನು ನಾಲ್ಕು ಕಂತಿನಲ್ಲಿ ಕೊಟ್ಟೆ. ಆ ಹುಡುಗನ ಸಂಬಳದ 24,000 ಕೊನೆಗೂ ಅಂಗಡಿ ಖರ್ಚು ಅಂತಲೇ ಬರೆದುಕೊಂಡೆ. ಎರಡು ವರ್ಷ ಎದುರು ಬದುರು ಸಿಕ್ಕರೂ ಇಬ್ಬರೂ ಫೋನ್ ನೋಡಿಕೊಂಡು ಹೋಗುತ್ತಿದ್ದೆವು.

ಈಗ ಅವನು ಮನೆಯಲ್ಲೇ ಕೂತು ನಾಲ್ಕೈದು ಪ್ರೆಸ್ಸುಗಳಿಗೆ ಡಿಸೈನ್ ಮಾಡುತ್ತಾನೆ. ಅದರಲ್ಲಿ ನನ್ನದೂ ಒಂದು. ಒಂದು ಪತ್ರಿಕೆಗೆ ಇಷ್ಟು, ತಿದ್ದುಪಡಿ ಎರಡು ಸಲ ಉಚಿತ, ಮೂರನೆಯದಕ್ಕೆ ಬೇರೆ ಚಾರ್ಜು. ತಿಂಗಳ ಕೊನೆಗೆ ವಾಟ್ಸಾಪ್‌ನಲ್ಲಿ ಬಿಲ್ ಬರುತ್ತದೆ. ಮೊದಲೆರಡು ಬಿಲ್ಲು ನೋಡಿ ಒಳಗೊಳಗೇ ಸ್ವಲ್ಪ ಚುಚ್ಚಿತು. ಈಗ ಬಂದ ದಿನವೇ ದುಡ್ಡು ಹಾಕುತ್ತೇನೆ. ಹೋದ ಶ್ರಾವಣದಲ್ಲಿ ಅವನ ಮಗಳ ನಾಮಕರಣದ ಕಾರ್ಡು ನಮ್ಮಲ್ಲೇ ಪ್ರಿಂಟ್ ಆಯಿತು. ನಾನು ದುಡ್ಡು ಬೇಡ ಅಂದೆ. ಅವನು ಬಿಲ್ ಕೊಡು ಅಂದ. ಕೊಟ್ಟೆ.